ಗುರುವನ್ನು ‘ಮಾಹಿತಿದಾರ’ ಎಂದವರು

ಇಥಿಯೋಪಿಯಾ ಅಧ್ಯಯನಕ್ಕೆ ಯುರೋಪಿನಲ್ಲಿ ಒಬ್ಬ ‘ಪಿತಾಮಹ’ನಿದ್ದಾನೆ. ಆತ ಜರ್ಮನಿಯ ಹಿಯೋಬ್ ಲುಡೋಲ್ಫ್ (1624-1704). ಗೀಜ್ ಮತ್ತು ಅಮ್ಹಾರಿಕ್ ಭಾಷೆಗಳಿಗೆ ವ್ಯಾಕರಣ, ನಿಘಂಟು ರಚಿಸಿದ. 1681ರಲ್ಲಿ ಆ ದೇಶದ ಇತಿಹಾಸವನ್ನೂ ಪ್ರಕಟಿಸಿದ. ಆದರೆ ಈ ಪಿತಾಮಹ ಒಮ್ಮೆಯೂ ಇಥಿಯೋಪಿಯಾದ ನೆಲ ತುಳಿದವನಲ್ಲ!

ಹಾಗಾದರೆ ಈ ವಿದ್ಯೆ ಬಂದದ್ದೆಲ್ಲಿಂದ? 1649ರಲ್ಲಿ ಲುಡೋಲ್ಫ್ ರೋಮಿಗೆ ಹೋದಾಗ ಅಲ್ಲಿ ನೆಲೆಸಿದ್ದ ಇಥಿಯೋಪಿಯಾದ ಧರ್ಮಗುರು ಅಬ್ಬ ಗೊರ್ಗೊರ್ಯೋಸ್ ಅವರ ಪರಿಚಯವಾಯಿತು. ಗೀಜ್ ಭಾಷೆಯನ್ನು ಪುಸ್ತಕದಲ್ಲಷ್ಟೇ ಕಂಡಿದ್ದ ಯುವಕನಿಗೆ ಅದನ್ನು ಬದುಕಿದ ವಿದ್ವಾಂಸರು ಸಿಕ್ಕರು. 1652ರಲ್ಲಿ ಗೊರ್ಗೊರ್ಯೋಸ್ ಜರ್ಮನಿಯ ಗೋಥಾ ನಗರಕ್ಕೆ ತೆರಳಿ ಲುಡೋಲ್ಫ್‌ನ ಪ್ರಶ್ನೆಗಳಿಗೆ ಉತ್ತರಿಸಿದರು. 1658ರಲ್ಲಿ ಹಡಗು ಒಡೆದು ಸಮುದ್ರದಲ್ಲಿ ತೀರಿಕೊಂಡರು. ಪುಸ್ತಕಗಳು ಹೊರಬಂದದ್ದು ಆಮೇಲೆ.

ಎರಡೂವರೆ ಶತಮಾನದ ನಂತರವೂ ಕತೆ ಬದಲಾಗಲಿಲ್ಲ. ‘ಸಾವಿರದೊಂದು ರಾತ್ರಿಗಳು’ ಕೃತಿಯ ಜರ್ಮನ್ ಅನುವಾದಕ ಎನ್ನೊ ಲಿಟ್‌ಮನ್ ಟಿಗ್ರೆ ಭಾಷೆಯ ಹಾಡು, ಕತೆಗಳ ಸಂಪುಟಗಳಿಂದಲೂ ಹೆಸರಾದ. ಅವುಗಳ ಸಂಗ್ರಹಕ್ಕೆ ದುಡಿದವರಲ್ಲಿ ಪ್ರಮುಖರು ಆಗ ಇಟಲಿಯ ವಸಾಹತಾಗಿದ್ದ ಎರಿಟ್ರಿಯಾದ ನಫ್ಫಾ ವದ್ ಎತ್ಮಾನ್. ಅವರು ಸ್ಟ್ರಾಸ್‌ಬರ್ಗಿಗೂ ಹೋಗಿ ಲಿಟ್‌ಮನ್ ಜೊತೆ ಕುಳಿತು ಕೆಲಸ ಮಾಡಿದರು. 1909ರಲ್ಲಿ ಊರಿಗೆ ಮರಳುವಾಗ ಹಡಗಿನಿಂದಲೇ ಕಾಣೆಯಾದರು.

‘ಲುಡೋಲ್ಫ್, ಲಿಟ್‌ಮನ್ ಇಬ್ಬರೂ ಈ ಋಣವನ್ನು ಒಪ್ಪಿಕೊಂಡಿದ್ದಾರಲ್ಲ, ಮತ್ತೇನು ತಕರಾರು?’ ಎನ್ನುವವರಿದ್ದಾರೆ. ನಿಜ, ಒಪ್ಪಿಕೊಂಡಿದ್ದಾರೆ. ಲುಡೋಲ್ಫ್ ತನ್ನ ಗ್ರಂಥದಲ್ಲಿ ಗೊರ್ಗೊರ್ಯೋಸ್ ಅವರ ಚಿತ್ರವನ್ನೂ ಅಚ್ಚು ಹಾಕಿಸಿದ. ಅವರನ್ನು ಕಳ್ಳರೆಂದು ನಾವು ಕರೆಯುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಮುನ್ನುಡಿಯ ಕೃತಜ್ಞತೆ ಬರೆದವನ ಔದಾರ್ಯ. ಮುಖಪುಟದ ಹೆಸರು ದುಡಿದವನ ಹಕ್ಕು. ಕಲಿಸಿದವನು ‘ಮಾಹಿತಿದಾರ’ನೂ ಕಲಿತವನು ‘ಪಿತಾಮಹ’ನೂ ಆಗುವುದು ಯಾವ ನ್ಯಾಯ?

ಹೆಸರು ಅಳಿಸುವುದು ರೂಢಿಯಾದ ಮೇಲೆ ಪುಸ್ತಕವನ್ನೇ ಹೊತ್ತೊಯ್ಯಲು ಸಂಕೋಚವೇಕೆ? 1868ರಲ್ಲಿ ಮುಂಬಯಿಯಿಂದ ಹೊರಟ ಬ್ರಿಟಿಷ್ ಸೇನೆ ಮಕ್ದಲಾ ಕೋಟೆಯನ್ನು ಗೆದ್ದು ದೋಚಿತು. ಆ ಸೇನೆಯಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಲೂಟಿಯ ಮಾಲು ಸಾಗಿಸಲು 15 ಆನೆಗಳು, ಸುಮಾರು 200 ಹೇಸರಗತ್ತೆಗಳು ಬೇಕಾದವು. ಬ್ರಿಟಿಷ್ ಮ್ಯೂಸಿಯಂನ ಪ್ರತಿನಿಧಿಯೂ ಸೇನೆಯ ಜೊತೆಗಿದ್ದ! ಸುಮಾರು 350 ಹಸ್ತಪ್ರತಿಗಳು ಆ ಸಂಸ್ಥೆಗೆ ಸೇರಿದವು. ಈಗ ಇಥಿಯೋಪಿಯಾದ ವಿದ್ವಾಂಸನೊಬ್ಬ ತನ್ನ ಅಜ್ಜಂದಿರ ಅಕ್ಷರವನ್ನು ಮೂಲ ಪ್ರತಿಯಲ್ಲೇ ಓದಲು ಲಂಡನ್ನಿಗೆ ವೀಸಾ ಬೇಡಬೇಕು.

1978ರಲ್ಲಿ ಎಡ್ವರ್ಡ್ ಸೈದ್ ಬರೆದ ‘ಓರಿಯೆಂಟಲಿಸಂ’ ಪೌರ್ವಾತ್ಯ ವಿದ್ವತ್ತಿನ ಹಿಂದಿನ ಅಧಿಕಾರವನ್ನು ಬಯಲಿಗೆಳೆಯಿತು. ವಿಪರ್ಯಾಸವೆಂದರೆ, ಅದನ್ನು ಉದ್ಧರಿಸುವ ಅನೇಕರ ಬರಹಗಳಲ್ಲೂ ಯುರೋಪಿನವರದ್ದೇ ಹೆಸರುಗಳು. ಬೈಯುವುದಕ್ಕೂ ಅವರೇ ಬೇಕೇ? ಕಡಲು ದಾಟಿ ಬಂದು, ಪರದೇಶದ ಚಳಿಯಲ್ಲಿ ಕುಳಿತು ಪಾಠ ಹೇಳಿದವರು ಮೂಕರಾಗಿರಲಿಲ್ಲ. ಅವರ ಮಾತನ್ನು ಬೇರೊಬ್ಬರ ಹೆಸರಿನಲ್ಲಿ ಅಚ್ಚು ಹಾಕಲಾಯಿತು, ಅಷ್ಟೆ.

ಆದ್ದರಿಂದ ನಮ್ಮ ಒತ್ತಾಯ ಎರಡು. ಒಯ್ದ ಹಸ್ತಪ್ರತಿಗಳು ಮರಳಿ ಮನೆ ಸೇರಲಿ. ಗ್ರಂಥಾಲಯಗಳ ಪಟ್ಟಿಯಲ್ಲಿ ಲುಡೋಲ್ಫ್ ಪಕ್ಕದಲ್ಲಿ ಗೊರ್ಗೊರ್ಯೋಸ್, ಲಿಟ್‌ಮನ್ ಪಕ್ಕದಲ್ಲಿ ನಫ್ಫಾ ಎಂದು ದಾಖಲಾಗಲಿ. ಇಬ್ಬರನ್ನೂ ಕಡಲು ನುಂಗಿತು. ಹೆಸರನ್ನು ನುಂಗಿದ್ದು ಮಾತ್ರ ಕಡಲಲ್ಲ.