ಯಾವುದರ ಶೇಕಡಾ 80 ಸ್ವಾಮಿ?

"ಇಂಗಾಲದ ಡೈ ಆಕ್ಸೈಡಿನಿಂದ ಪ್ಲಾಸ್ಟಿಕ್ಕಿನ ಕಚ್ಚಾವಸ್ತು, ಶೇಕಡಾ 80 ದಕ್ಷತೆ!" ಅನ್ನೋ ಥರದ ಸುದ್ದಿಗಳು ಆಗಾಗ ಬರ್ತಾನೇ ಇರ್ತವೆ. ಚಪ್ಪಾಳೆ ಹೊಡೆಯೋ ಮೊದಲು ನಾವು ಕೇಳಬೇಕಾದ್ದು ಒಂದೇ ಪ್ರಶ್ನೆ: ಯಾವುದರ ಶೇಕಡಾ 80?

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯೋಶಿಯೋ ಹೋರಿ ತಂಡ 1985ರಲ್ಲಿ ಈ ಅನಿಲ ಕರಗಿದ ದ್ರಾವಣಕ್ಕೆ ಬೇರೆ ಬೇರೆ ಲೋಹ ಇಳಿಸಿ ಕರೆಂಟ್ ಹಾಯಿಸಿತು. ಚಿನ್ನ, ಬೆಳ್ಳಿಯಿಂದ ಬಂದದ್ದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್. ತವರ, ಸೀಸದಿಂದ ಫಾರ್ಮೇಟ್. ತಾಮ್ರದ್ದು ಮಾತ್ರ ಬೇರೆಯೇ ದಾರಿ: ಮೀಥೇನ್, ಮುಂದೆ ಎಥಿಲೀನ್ ಕೂಡ. ಕಾರಣ, ತಾಮ್ರ ಕಾರ್ಬನ್ ಮಾನಾಕ್ಸೈಡನ್ನು ಗಟ್ಟಿಯಾಗಿ ಹಿಡಿಯೋದೂ ಇಲ್ಲ, ಬೇಗ ಬಿಡೋದೂ ಇಲ್ಲ. ಆದರೆ ಅದು ಹತ್ತಾರು ಪದಾರ್ಥಗಳನ್ನು ಒಟ್ಟಿಗೇ ಕೊಡುತ್ತೆ. ಬೇಕಾದ್ದೊಂದೇ ಬರಲಿ ಅಂತ ಸಾರಿಗೆ ಇಂಗು ಹಾಕಿದ ಹಾಗೆ ಬೇರೆ ಧಾತು ಬೆರೆಸೋದು ಶುರುವಾಯ್ತು. 2018ರಲ್ಲಿ ಬೋರಾನ್ ಬೆರೆಸಿದ ತಾಮ್ರ. 2020ರಲ್ಲಿ ತಾಮ್ರದ 244 ಮಿಶ್ರಣಗಳನ್ನು ಕಂಪ್ಯೂಟರಿನಲ್ಲಿ ಜಾಲಾಡಿ ಆರಿಸಿದ್ದು ತಾಮ್ರ-ಅಲ್ಯೂಮಿನಿಯಂ ಜೋಡಿ. ಎಥಿಲೀನಿಗೆ ಶೇಕಡಾ 80 ಬಂದದ್ದು ಇದರಲ್ಲೇ.

ಆ 80 ಅಂದ್ರೆ, ಹಾಯಿಸಿದ ನೂರು ಎಲೆಕ್ಟ್ರಾನಿನಲ್ಲಿ ಎಂಬತ್ತು ಎಥಿಲೀನಿಗೆ ಹೋದವು ಅಂತ. ಅವನ್ನು ಎಷ್ಟು ವೋಲ್ಟಿನಲ್ಲಿ ತಳ್ಳಬೇಕಾಯ್ತು ಅನ್ನೋದು ಅದರಲ್ಲಿಲ್ಲ. ಶಕ್ತಿಯ ಲೆಕ್ಕವೇ ಬೇರೆ.

ಆ ಲೆಕ್ಕ ನಾವೇ ಹಾಕೋಣ. ಎರಡು ಅಣು ಡೈ ಆಕ್ಸೈಡಿಗೆ 12 ಎಲೆಕ್ಟ್ರಾನ್ ಬೇಕು. ಏನೂ ಪೋಲಾಗದ ಆದರ್ಶ ಸ್ಥಿತಿಯಲ್ಲೂ, ಅಂದ್ರೆ ಸುಮಾರು 1.15 ವೋಲ್ಟಿನಲ್ಲಿ, ಒಂದು ಕೆಜಿ ಅನಿಲಕ್ಕೆ 4 ಯೂನಿಟ್ಟಿಗಿಂತ ಜಾಸ್ತಿ ಕರೆಂಟ್ ಬೇಕು. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಡೈ ಆಕ್ಸೈಡ್ ಹೊರಬೀಳುತ್ತೆ. ಒಂದು ಕೆಜಿ ನುಂಗೋಕೆ ನಾಲ್ಕು ಕೆಜಿ ಉಗುಳೋದು! ನಿಜವಾದ ಉಪಕರಣಗಳಿಗೆ ಮೂರು ವೋಲ್ಟು ಬೇಕಾದ್ರೆ ಇದು ಹತ್ತು ಕೆಜಿ ದಾಟುತ್ತೆ. ಇಂಗು ಎಷ್ಟೇ ಘಮಘಮಿಸಲಿ, ಆದರ್ಶ ಸ್ಥಿತಿಯ ಆ 4 ಯೂನಿಟ್ ಕಮ್ಮಿಯಾಗಲ್ಲ. ವೇಗವರ್ಧಕ ಪೋಲನ್ನಷ್ಟೇ ತಗ್ಗಿಸಬಲ್ಲದು.

ಹಾಗಂತ ಸಂಶೋಧನೆ ನಿಲ್ಲಿಸಿ ಅಂತಲ್ಲ. ಬಿಸಿಲು, ಗಾಳಿಯ ಕರೆಂಟ್ ಹೇರಳವಾದಾಗ ಪೆಟ್ರೋಲಿಯಂ ಇಲ್ಲದೆ ಎಥಿಲೀನ್ ಮಾಡೋಕೆ ಇದು ಬೇಕೇ ಬೇಕು. ಆದರೆ ನಮ್ಮ ದೇಶದ ಬಹುಪಾಲು ಕರೆಂಟು ಇವತ್ತಿಗೂ ಕಲ್ಲಿದ್ದಲಿನದ್ದು. ಮೊದಲು ಆ ಒಲೆ ಆರಿಸಬೇಕು. "ಹೊಗೆಯನ್ನು ಆಮೇಲೆ ಪ್ಲಾಸ್ಟಿಕ್ ಮಾಡ್ಕೋತೀವಿ" ಅನ್ನೋ ಭರವಸೆ, ಒಲೆ ಉರಿಸ್ತಾ ಇರೋಕೆ ನೆಪ ಆಗಬಾರದು.

ಮುಂದಿನ ಸಲ ಇಂಥ ಸುದ್ದಿ ಕಂಡರೆ ಎರಡೇ ಅಂಕಿ ಹುಡುಕಿ: ಕೆಜಿಗೆ ಎಷ್ಟು ಯೂನಿಟ್, ಎಷ್ಟು ಗಂಟೆ ಬಾಳಿಕೆ. ಎರಡೂ ಇಲ್ಲದಿದ್ರೆ ಚಪ್ಪಾಳೆ ಇಟ್ಕೊಂಡಿರಿ. ಏನಂತೀರಿ?