ಎಸಿ ಬೋಗಿ ಬೇಗ ಮುಟ್ಟುವುದಿಲ್ಲ

ದುಡ್ಡು ಕೊಟ್ಟು ಕ್ಯೂ ದಾಟುವ ಟಿಕೆಟಿನ ಮೇಲೆ ನನಗೆ ಸಿಟ್ಟುಂಟು. ಊರಿನಿಂದ ನೆಂಟರು ಬೆಂಗಳೂರಿಗೆ ಬರುತ್ತಾರೆ ಅಂದಾಗಲೆಲ್ಲ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯಕ್ಕೆ ಒಂದು ಯುದ್ಧ ಆಗುತ್ತದೆ. ನಾನೊಬ್ಬ ಒಂದು ಕಡೆ, ಉಳಿದ ಹದಿನಾಲ್ಕು ಜನ ಇನ್ನೊಂದು ಕಡೆ. ಅಲ್ಲಿ ಟೈಪ್ ಮಾಡಿ ಮಾಡಿ ಬೆರಳು ನೋವು ಬಂದದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪುತ್ತೂರು, ಸುಳ್ಯ, ಕಡಬದವರಿಗೆ ಬೆಂಗಳೂರು ನೋಡುವುದು ಅಂದರೆ ಲಾಲ್‌ಬಾಗ್, ವಿಧಾನಸೌಧ ಎಂಬ ಕಾಲ ಹೋಯಿತು. ಈಗ ಮಕ್ಕಳು ಕೇಳುವುದು ಒಂದೇ, ವಂಡರ್‌ಲಾ. 2005ರಲ್ಲಿ ಬಿಡದಿ ಹತ್ತಿರ ಶುರುವಾದ ಆ ಪಾರ್ಕಿಗೆ ನಮ್ಮ ಕಡೆಯ ಎಷ್ಟು ಶಾಲಾ ಪ್ರವಾಸಗಳು ಹೋಗಿ ಬಂದಿವೆಯೋ ಲೆಕ್ಕ ಇಲ್ಲ. ಸುಳ್ಯದಿಂದಲಂತೂ ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಮೈಸೂರು ದಾಟಿ ಬಂದರೆ ಬೆಂಗಳೂರಿಗಿಂತ ಮೊದಲು ಅದೇ ಸಿಗುತ್ತದೆ. ಅಲ್ಲಿ ಮಾಮೂಲಿ ಟಿಕೆಟಿನ ಜೊತೆ ಫಾಸ್ಟ್‌ಟ್ರ್ಯಾಕ್ ಎಂಬ ದುಬಾರಿ ಟಿಕೆಟೂ ಮಾರುತ್ತಾರೆ. ಅವರೊಬ್ಬರೇ ಅಲ್ಲ, ಬೇರೆ ದೇಶಗಳ ದೊಡ್ಡ ಪಾರ್ಕುಗಳೂ ಇದೇ ದಾರಿಯಲ್ಲಿವೆ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಒಳಗೆ ಬಂದ ಎಲ್ಲರಿಗೂ ಪುಕ್ಕಟೆ. ಯಂತ್ರದಿಂದ ಚೀಟಿ ತೆಗೆದುಕೊಂಡು, ಅದರಲ್ಲಿ ಬರೆದ ಹೊತ್ತಿಗೆ ಬಂದರಾಯ್ತು. 2021ರಲ್ಲಿ ಅಮೆರಿಕದ ಅವರ ಪಾರ್ಕುಗಳಲ್ಲಿ ಅದರ ಜಾಗಕ್ಕೆ ದುಡ್ಡಿನ ಪಾಸು ಬಂತು. ಮೊದಲು ರುಚಿ ಹತ್ತಿಸುವುದು, ಆಮೇಲೆ ಬೆಲೆ ಹಚ್ಚುವುದು. ವ್ಯಾಪಾರದಲ್ಲಿ ಇದೇನು ಹೊಸತಲ್ಲ ಬಿಡಿ.

ನಮ್ಮ ಭಾವನ ವಾದ ಹೀಗೆ: "ಎಂತ ಮಾರಾಯ, ವರ್ಷಕ್ಕೊಮ್ಮೆ ಹೋಗುದು. ನಾಲ್ಕು ಕಾಸು ಹೆಚ್ಚು ಕೊಟ್ರೆ ಎಂತ ಆಗ್ತದೆ? ರೈಲಲ್ಲಿ ಎಸಿ ಬೋಗಿ ಇಲ್ವಾ?"

ಉಂಟು ಭಾವ, ಎಸಿ ಬೋಗಿ ಉಂಟು. ಆದರೆ ಎಸಿಯಲ್ಲಿ ಮಲಗಿದವರು ಹೆಚ್ಚು ಕೊಟ್ಟದ್ದು ತಂಪಿಗೆ, ಕಂಬಳಿಗೆ, ಸ್ವಲ್ಪ ಸದ್ದಿಲ್ಲದ ನಿದ್ದೆಗೆ. ಅವರು ಹೆಚ್ಚು ಕೊಟ್ಟರು ಅಂತ ಸ್ಲೀಪರ್ ಬೋಗಿ ಕಬಕ ಪುತ್ತೂರಿಗೆ ಅರ್ಧ ಗಂಟೆ ತಡವಾಗಿ ಮುಟ್ಟುವುದಿಲ್ಲ. ಇಂಜಿನ್ ಒಂದೇ. ಕ್ಯೂ ದಾಟುವ ಪಾಸು ಹಾಗಲ್ಲ. ಅದರಲ್ಲಿ ನೀವು ಕೊಳ್ಳುವುದು ಇನ್ನೊಬ್ಬನ ಹೊತ್ತನ್ನು. ದುಡ್ಡು ಮಾತ್ರ ಅವನಿಗೆ ಸಿಗುವುದಿಲ್ಲ.

ಲೆಕ್ಕ ನೋಡಿ. ಒಂದು ರೈಡಿನಲ್ಲಿ ಒಮ್ಮೆಗೆ 20 ಜನ, ಹತ್ತಿ ಇಳಿಯುವುದು ಸೇರಿ 4 ನಿಮಿಷ ಅಂತ ಇಟ್ಟುಕೊಳ್ಳಿ. ಗಂಟೆಗೆ 300 ಜನ. ನಿಮ್ಮ ಮುಂದೆ 300 ಜನ ಇದ್ದರೆ ಒಂದು ಗಂಟೆ ಕಾಯಬೇಕು. ಈಗ ಗಂಟೆಗೆ 100 ಜನ ಪಾಸಿನವರು ಪಕ್ಕದ ಬಾಗಿಲಿನಿಂದ ಬರುತ್ತಾರೆ. ಸಾಲಿಗೆ ಉಳಿದದ್ದು 200. ನಿಮ್ಮ ಒಂದು ಗಂಟೆ ಒಂದೂವರೆ ಗಂಟೆ ಆಯಿತು. ಆ 100 ಜನ ಕ್ಯೂನಲ್ಲಿ ನಿಂತಿದ್ದರೂ ಅಷ್ಟೇ ಅಲ್ವಾ ಅಂತ ಭಾವ ಕೇಳಿದರು. ಅಲ್ಲ. ನಿಂತಿದ್ದರೆ ಅವರು ನಿಮ್ಮ ಹಿಂದೆ ನಿಲ್ಲುತ್ತಿದ್ದರು. ಅಷ್ಟೇ ಅಲ್ಲ, ಕಾಯುವ ಕಷ್ಟ ಇಲ್ಲ ಅಂತಾದ ಮೇಲೆ ಅವರು ಅದೇ ರೈಡಿಗೆ ಎರಡನೇ ಸಲವೂ ಬರುತ್ತಾರೆ. ಪಾಸಿನಿಂದ ರೈಡು ಒಂದು ಸುತ್ತೂ ಹೆಚ್ಚು ತಿರುಗುವುದಿಲ್ಲ. ಕಾಯುವುದು ಎಲ್ಲಿಗೂ ಹೋಗುವುದಿಲ್ಲ, ಒಬ್ಬನ ತಲೆಯಿಂದ ಇಳಿದು ಇನ್ನೊಬ್ಬನ ತಲೆ ಮೇಲೆ ಕೂರುತ್ತದೆ. ಮತ್ತೆ, ಸಾಲು ಉದ್ದ ಆದಷ್ಟೂ ಪಾಸಿಗೆ ಗಿರಾಕಿ ಹೆಚ್ಚು. ಸಾಲು ಕಡಿಮೆ ಮಾಡಬೇಕು ಅಂತ ಮಾರುವವನಿಗಾದರೂ ಯಾಕೆ ಅನಿಸಬೇಕು?

ಯಾರ ತಲೆ ಮೇಲೆ ಅಂತ ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಪಾರ್ಕಿನ ಹೆಸರು ಬೇಡ. ಡಿಸೆಂಬರ್ ತಿಂಗಳು. ನನ್ನ ಮುಂದೆ ಯೂನಿಫಾರ್ಮ್ ಹಾಕಿದ ಹೈಸ್ಕೂಲ್ ಮಕ್ಕಳು, ತುಳುವಿನಲ್ಲಿ ಮಾತು. ಕೇಳಿದರೆ ಕಡಬದ ಆಚೆಯವರು. ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬಂದಿದ್ದರು. ನಾಲ್ಕು ಗಂಟೆಗೆ ಬಸ್ಸು ಹೊರಡಬೇಕು ಅಂತ ಮಾಸ್ಟ್ರು ಹೇಳಿದ್ದರಂತೆ. ಪಕ್ಕದ ಬಾಗಿಲು ತೆರೆದಾಗಲೆಲ್ಲ ಆ ಮಕ್ಕಳು ಎಣಿಸುತ್ತಿದ್ದರು, ಏಳು, ಎಂಟು, ಒಂಬತ್ತು. ಸಿಟ್ಟು ಇಲ್ಲ, ಆಟದ ಹಾಗೆ ಎಣಿಕೆ. ಮೂರೂಮುಕ್ಕಾಲಿಗೆ ಮಾಸ್ಟ್ರು ಸೀಟಿ ಊದಿದರು. ಮಕ್ಕಳು ಹಗ್ಗದ ಕೆಳಗೆ ನುಸುಳಿ ಹೊರಗೆ ಹೋದರು. ಒಬ್ಬಳು ತಿರುಗಿ ರೈಡಿನ ಫೋಟೋ ತೆಗೆಯಲು ಗೆಳತಿಯ ಹತ್ತಿರ ಮೊಬೈಲ್ ಕೇಳಿದಳು. ನಾವು ಭಾವನ ಮಕ್ಕಳನ್ನು ಮುಂದಿನ ವರ್ಷ ಮತ್ತೆ ಕರೆದುಕೊಂಡು ಬರಬಹುದು. ಅವಳನ್ನು ಯಾರು ಕರೆದುಕೊಂಡು ಬರುತ್ತಾರೆ?

ನಮ್ಮ ಊರಿನವರು ಕ್ಯೂನಲ್ಲಿ ಶಿಸ್ತಿನವರು ಅಂತ ನಾನು ಹೇಳಿದರೆ ನೀವು ನಗುತ್ತೀರಿ. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತದೆ. ಮದುವೆ ಊಟಕ್ಕೆ ಒಂದು ಪಂಕ್ತಿ ಏಳುವ ಮೊದಲೇ, ಪಾಯಸ ಸುರಿಯುತ್ತಿರುವವರ ಕುರ್ಚಿ ಹಿಂದೆ ಮುಂದಿನ ಪಂಕ್ತಿಯವರು ಕಾವಲು ನಿಲ್ಲುತ್ತಾರೆ. ಏಪ್ರಿಲಿನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಹೋದರೆ ಜೈಂಟ್ ವೀಲ್ ಹತ್ತಿರ ಒಬ್ಬ ಸಾಲಿನಲ್ಲಿ, ಅವನ ಮನೆಯ ಎಂಟು ಜನ ಚರುಮುರಿ ಅಂಗಡಿಯಲ್ಲಿ. ಆದರೆ ಒಂದು ವ್ಯತ್ಯಾಸ ಉಂಟು ಮಾರಾಯ್ರೆ. ಟವೆಲ್ ಹಾಕಿದವನಿಗೆ ತಾನು ಮಾಡಿದ್ದು ಸರಿಯಲ್ಲ ಅಂತ ಗೊತ್ತು, ಅದಕ್ಕೇ ಕಣ್ಣು ತಪ್ಪಿಸುತ್ತಾನೆ. ಅಜ್ಜಿಯೊಬ್ಬರು ಬೈದರೆ ಎದ್ದು ಕೊಡುತ್ತಾನೆ. ಪಾಸಿನವನಿಗೆ ಬೈಯಲು ಆಗುವುದಿಲ್ಲ. ಅವನ ಹತ್ತಿರ ರಸೀದಿ ಉಂಟು. ನಾಚಿಕೆ ಪಡುವ ಅಗತ್ಯವನ್ನೇ ಕೌಂಟರಿನಲ್ಲಿ ಕಳೆದುಕೊಟ್ಟಿದ್ದಾರೆ. ಅವನ ಕೈ ಹಿಡಿದುಕೊಂಡು ನಡೆಯುವ ಎಂಟು ವರ್ಷದ ಮಗು ಇದನ್ನೆಲ್ಲ ನೋಡಿ ಕಲಿಯುತ್ತದೆ.

ದೇವಸ್ಥಾನದಲ್ಲೂ ಹಾಗೇ ಅಲ್ವಾ ಅಂತ ಚಿಕ್ಕಮ್ಮ ಬರೆದರು. ಹೌದು, ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ದರ್ಶನ ಉಂಟು. ಆದರೆ 2025ರ ಜನವರಿಯಲ್ಲಿ ನಮ್ಮ ಪಕ್ಕದ ಧರ್ಮಸ್ಥಳದಲ್ಲಿ ಭಕ್ತರು ಕೂತು ಕಾಯುವ ಹೊಸ ಸಂಕೀರ್ಣ ಉದ್ಘಾಟನೆ ಮಾಡಿದ ಆಗಿನ ಉಪರಾಷ್ಟ್ರಪತಿ ಜಗದೀಪ್ ಧನಕರ್, ದೇವಸ್ಥಾನಗಳಲ್ಲಿ ವಿಐಪಿ ಪದ್ಧತಿ ಹೋಗಬೇಕು ಅಂತ ಅಲ್ಲೇ ನಿಂತು ಹೇಳಿದರು. ದೊಡ್ಡ ಹುದ್ದೆಯಲ್ಲಿರುವವರು ಇದನ್ನು ಹೇಳುವುದರಲ್ಲಿ ಸ್ವಲ್ಪ ತಮಾಷೆ ಉಂಟು, ಇರಲಿ. ಆ ಕಟ್ಟಡದ ಹಿಂದಿನ ಯೋಚನೆ ನನಗೆ ಇಷ್ಟ: ಸಾಲು ಇದ್ದೇ ಇರುತ್ತದೆ, ಹಾಗಾದರೆ ನಿಂತವರು ಕೂತಿರಲಿ.

ಮೊಣಕಾಲು ನೋವಿನ ಅಮ್ಮ, ಬಸುರಿ ಅತ್ತಿಗೆ, ಗಾಲಿಕುರ್ಚಿಯಲ್ಲಿರುವವರು, ಇವರಿಗೆ ಬೇರೆ ದಾರಿ ಬೇಕು. ಅದೂ ಪುಕ್ಕಟೆ ಬೇಕು. ನನ್ನ ಜಗಳ ಅವರ ಹತ್ತಿರ ಅಲ್ಲ. ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗಿ, ಮೂವತ್ತೆರಡು ವಯಸ್ಸಿಗೆ "ನಿಲ್ಲಲಿಕ್ಕೆ ಆಗುದಿಲ್ಲ" ಅನ್ನುವ ನಮ್ಮಂಥವರ ಹತ್ತಿರ.

ಹಾಗಾದರೆ ಇಡೀ ದಿನ ಸಾಲಿನಲ್ಲೇ ನಿಲ್ಲುವುದಾ? ಬೇಡ. ಕ್ಯೂ ತಪ್ಪಿಸುವ ಮರ್ಯಾದಸ್ಥ ದಾರಿಗಳು ಬೇಕಾದಷ್ಟಿವೆ, ಮತ್ತು ಅವುಗಳಿಂದ ಉಳಿದವರ ಸಾಲೂ ಸಣ್ಣದಾಗುತ್ತದೆ. ಮುಖ್ಯವಾದದ್ದು ದಿನ. ನಾವು ಬೆಂಗಳೂರಿನಲ್ಲಿರುವವರು ಮಾಡುವ ಮಹಾಮೂರ್ಖತನ ಇದು: ಊರಿನ ನೇಮಕ್ಕೆ, ದೂರದ ಸಂಬಂಧಿಯ ಗೃಹಪ್ರವೇಶಕ್ಕೆ ರಜೆ ಹಾಕುತ್ತೇವೆ, ಮನೆಯವರನ್ನು ಪಾರ್ಕಿಗೆ ಕರೆದುಕೊಂಡು ಹೋಗಲು ಮಾತ್ರ ಭಾನುವಾರವೇ ಆಗಬೇಕು. ಅಪ್ಪ ಅಮ್ಮ ಅಡಿಕೆ ಕೊಯ್ಲು ಮುಗಿಸಿ, ದನಗಳಿಗೆ ಪಕ್ಕದ ಮನೆಯವರನ್ನು ಒಪ್ಪಿಸಿ ಬಂದಿರುತ್ತಾರೆ. ಅವರಿಗೆ ಮಂಗಳವಾರ ಆದರೇನು, ಬುಧವಾರ ಆದರೇನು? ಭಾನುವಾರ ಬೇಕಾದದ್ದು ನಮ್ಮ ಮ್ಯಾನೇಜರನಿಗೆ ಹೆದರುವ ನಮಗೆ. ಒಂದು ದಿನದ ರಜೆ ಉಳಿಸಲು ಸಾವಿರಗಟ್ಟಲೆ ಪಾಸಿಗೆ ಕೊಟ್ಟು, ವರ್ಷದ ಕೊನೆಗೆ ಹನ್ನೊಂದು ರಜೆ ಹಾಗೇ ಬಿಟ್ಟುಬಿಡುವವರು ನನ್ನ ತಂಡದಲ್ಲೇ ಇದ್ದಾರೆ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಬುಧವಾರ ಕಷ್ಟ, ಒಪ್ಪುತ್ತೇನೆ. ದಸರಾ ರಜೆ, ಬೇಸಿಗೆ ರಜೆಯಲ್ಲೂ ವಾರದ ನಡುವಿನ ದಿನಗಳಿರುತ್ತವೆ. ಗೇಟು ತೆರೆಯುವ ಅರ್ಧ ಗಂಟೆ ಮೊದಲು ಅಲ್ಲಿರಿ. ಊರಿನ ರಾತ್ರಿ ಬಸ್ಸು ಬೆಳಿಗ್ಗೆ ಬೇಗ ಇಳಿಸುತ್ತದೆ, ಹಾಗಾಗಿ ಇದರಲ್ಲಿ ನಮ್ಮವರೇ ಮುಂದೆ. ಒಳಗೆ ಹೋದ ಕೂಡಲೇ ಎಲ್ಲರೂ ಹತ್ತಿರದ ರೈಡಿಗೆ ಓಡುತ್ತಾರೆ. ನೀವು ತುದಿಯಿಂದ ಶುರು ಮಾಡಿ. ಮಧ್ಯಾಹ್ನ ಎಲ್ಲರೂ ನೀರಿಗೆ ಇಳಿದಾಗ ಒಣ ರೈಡುಗಳಿಗೆ ಹೋಗಿ, ಊಟ ಬೇಗ ಅಥವಾ ತಡ ಮಾಡಿ. ಮಗುವಿನ ಎತ್ತರವನ್ನು ಮನೆಯಲ್ಲೇ ಟೇಪ್ ಹಿಡಿದು ಅಳೆದು, ಯಾವ ರೈಡಿಗೆ ಎಷ್ಟು ಎತ್ತರ ಬೇಕು ಅಂತ ಮೊದಲೇ ನೋಡಿಕೊಳ್ಳಿ. ಒಂದು ಗಂಟೆ ನಿಂತು ಬಾಗಿಲಲ್ಲಿ "ಆಗುವುದಿಲ್ಲ" ಅನ್ನಿಸಿಕೊಂಡ ಮಗುವಿನ ಅಳು ಯಾವ ಪಾಸಿನಿಂದಲೂ ನಿಲ್ಲುವುದಿಲ್ಲ.

ಪಾರ್ಕಿನವರಿಗೂ ಒಂದು ಮಾತು. ಹೊತ್ತು ಬರೆದ ಚೀಟಿಯನ್ನು ಎಲ್ಲರಿಗೂ ಪುಕ್ಕಟೆ ಕೊಡಿ, ಮೊಬೈಲಿನಲ್ಲೇ ಕೊಡಬಹುದು. ಆಗದಿದ್ದರೆ ಸಾಲಿನ ಬಾಯಿಯಲ್ಲಿ "ಇಲ್ಲಿಂದ 70 ನಿಮಿಷ" ಅಂತ ನಿಜವಾದ ಬೋರ್ಡು ಹಾಕಿ. ಸಾಲಿನ ಮೇಲೆ ನೆರಳು, ಪಕ್ಕದಲ್ಲಿ ಕುಡಿಯುವ ನೀರು. ಬಸ್ಸಿಗೆ ಹೊತ್ತಾದ ಶಾಲಾ ಮಕ್ಕಳಿಗೆ ಕೊನೆಯ ಒಂದು ಗಂಟೆ ಆ ಪಕ್ಕದ ಬಾಗಿಲು ತೆರೆದಿಡಿ.

ಈ ಸಲ ನಾನು ಬುಧವಾರಕ್ಕೆ ರಜೆ ಹಾಕಿ, ಹತ್ತು ಮಾಮೂಲಿ ಟಿಕೆಟ್ ಬುಕ್ ಮಾಡಿ, ಸ್ಕ್ರೀನ್‌ಶಾಟ್ ಗುಂಪಿಗೆ ಹಾಕಿದ್ದೇನೆ. ಭಾವ ಇನ್ನೂ ಉತ್ತರ ಕೊಟ್ಟಿಲ್ಲ, ನೀಲಿ ಟಿಕ್ ಮಾತ್ರ ಬಂದಿದೆ. ಅಮ್ಮ ಗೋಳಿಬಜೆ ಕಟ್ಟಿಕೊಂಡು ಬರುತ್ತಾರಂತೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂದೆ. "ಹಾಗಾದ್ರೆ ಗೇಟು ತೆಗೆಯುವ ಮೊದಲು ಅಲ್ಲೇ ಸಾಲಿನಲ್ಲಿ ನಿಂತು ತಿನ್ನುವಾ, ಹಿಂದೆಮುಂದೆ ಇದ್ದವರಿಗೂ ಆಗ್ತದೆ" ಅಂದರು.