ನೋಡಿದ ಡಾಕ್ಟರು ಯಾರು, ಬಿಲ್ ಕಳಿಸಿದವರು ಯಾರು: ಫಾಸ್ಟರ್ ಸಿಟಿಯ ಕನ್ನಡ ಕುಟುಂಬಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಸ್ಯಾನ್ ಮಟೇಯೊ ಕೌಂಟಿಯ ಸೂಪರ್‌ವೈಸರ್‌ಗಳ ಮಂಡಳಿ, ಈ ಭಾಗದ ರಾಜ್ಯ ಶಾಸಕರು, ಕೌಂಟಿಯಲ್ಲಿ ತುರ್ತು ಚಿಕಿತ್ಸಾ ವಿಭಾಗ ನಡೆಸುವ ಎಲ್ಲ ಆಸ್ಪತ್ರೆಗಳ ಆಡಳಿತ, ಅಲ್ಲಿ ಕೆಲಸ ಮಾಡುವ ವೈದ್ಯರ ಗುಂಪುಗಳು, ಮೆಡಿಕೇರ್ ಮತ್ತು ಮೆಡಿ-ಕ್ಯಾಲ್ ಅಧಿಕಾರಿಗಳು.



ಫಾಸ್ಟರ್ ಸಿಟಿಯಲ್ಲಿ ಆಸ್ಪತ್ರೆ ಇಲ್ಲ. ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಬರ್ಲಿಂಗೇಮಿನ ಮಿಲ್ಸ್-ಪೆನಿನ್ಸುಲಾ, ಸ್ಯಾನ್ ಮಟೇಯೊದ ಕೌಂಟಿ ಆಸ್ಪತ್ರೆ, ರೆಡ್‌ವುಡ್ ಸಿಟಿಯ ಸೆಕ್ವೋಯ ಅಥವಾ ಕೈಸರ್, ಇವುಗಳಲ್ಲಿ ಆಂಬುಲೆನ್ಸ್ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ನಾವು ಹಿಂದೆಯೇ ಕಾರು ಓಡಿಸಿಕೊಂಡು ಹೋಗುತ್ತೇವೆ. ಯಾವ ಡಾಕ್ಟರು, ಯಾವ ಗುಂಪು, ನಮ್ಮ ವಿಮೆ ಅವರಿಗೆ ನಡೆಯುತ್ತದೆಯೇ ಎಂದು ಕೇಳುವ ಹೊತ್ತು ಅದಲ್ಲ. ಕೇಳಬೇಕಾಗಿಯೂ ಇಲ್ಲ. 1986ರ ಎಮ್ಟಾಲಾ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನು ಹಣ, ವಿಮೆ, ವೀಸಾ ಏನನ್ನೂ ನೋಡದೆ ಪರೀಕ್ಷಿಸಲೇಬೇಕು, ಸ್ಥಿತಿ ಹತೋಟಿಗೆ ಬರುವವರೆಗೆ ಚಿಕಿತ್ಸೆ ಕೊಡಲೇಬೇಕು. ಈ ಕಾನೂನಿನಿಂದ ನಮ್ಮಲ್ಲಿ ಅನೇಕರ ಅಪ್ಪ, ಅಮ್ಮ, ಅತ್ತೆ, ಮಾವಂದಿರ ಜೀವ ಉಳಿದಿದೆ. ರಾತ್ರಿಯಿಡೀ ನಿಂತು ನೋಡಿಕೊಂಡ ವೈದ್ಯರಿಗೂ ದಾದಿಯರಿಗೂ ನಾವು ಋಣಿಗಳು.

ನಮ್ಮ ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ಮೊದಲು ಆಸ್ಪತ್ರೆಯ ಬಿಲ್ ಬರುತ್ತದೆ. ಅದನ್ನು ಕಟ್ಟಿ ನಿಟ್ಟುಸಿರು ಬಿಡುವಷ್ಟರಲ್ಲಿ ಎಂದೂ ಕೇಳದ ಹೆಸರಿನ ಕಂಪನಿಯೊಂದರಿಂದ, ಬೇರೆ ರಾಜ್ಯದ ಅಂಚೆಪೆಟ್ಟಿಗೆ ವಿಳಾಸದಿಂದ, ಇನ್ನೊಂದು ಬಿಲ್. ಅದು ಡಾಕ್ಟರ ಶುಲ್ಕ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆ ವೈದ್ಯರನ್ನು ನೇರ ಸಂಬಳಕ್ಕೆ ಇಟ್ಟುಕೊಳ್ಳುವಂತಿಲ್ಲ. ವೈದ್ಯರು ತಮ್ಮದೇ ಗುಂಪು ಕಟ್ಟಿಕೊಂಡು ಆಸ್ಪತ್ರೆಯ ಜೊತೆ ಕರಾರು ಮಾಡಿಕೊಳ್ಳುತ್ತಾರೆ. ವೈದ್ಯರ ತೀರ್ಮಾನದಲ್ಲಿ ವ್ಯಾಪಾರಸ್ಥರು ಕೈಹಾಕಬಾರದು ಎಂಬ ಒಳ್ಳೆಯ ಉದ್ದೇಶ ಇದರ ಹಿಂದಿದೆ, ಅದನ್ನು ತೆಗೆದುಹಾಕಿ ಎಂದು ನಾವು ಕೇಳುತ್ತಿಲ್ಲ. ಆದರೆ ಈ ಏರ್ಪಾಡಿನಲ್ಲಿ ರೋಗಿಯನ್ನು ನೋಡಿದವರ ಅರ್ಹತೆ ಒಂದು ಕಡೆ, ಆ ಅರ್ಹತೆಯ ಹೆಸರಲ್ಲಿ ವಸೂಲಾಗುವ ಹಣ ಇನ್ನೊಂದು ಕಡೆ ಉಳಿದುಬಿಟ್ಟಿದೆ. ಇವೆರಡೂ ಒಂದೇ ಕಾಗದದ ಮೇಲೆ ಒಟ್ಟಿಗೆ ಕಾಣಬೇಕು. ನಮ್ಮ ಎಲ್ಲ ಹಕ್ಕೊತ್ತಾಯಗಳ ಮೂಲ ಇದು.

1. ಪ್ರತಿ ಬಿಲ್ಲಿನಲ್ಲೂ ರೋಗಿಯನ್ನು ನಿಜವಾಗಿ ನೋಡಿದವರ ಹೆಸರು ಮತ್ತು ಅರ್ಹತೆ ಇರಬೇಕು.

ತುರ್ತು ವಿಭಾಗದಲ್ಲಿ ನಮ್ಮನ್ನು ನೋಡುವವರು ಡಾಕ್ಟರೇ ಆಗಿರಬೇಕೆಂದಿಲ್ಲ. ಫಿಸಿಶಿಯನ್ ಅಸಿಸ್ಟೆಂಟ್ ಇರಬಹುದು, ನರ್ಸ್ ಪ್ರಾಕ್ಟೀಷನರ್ ಇರಬಹುದು, ತರಬೇತಿಯಲ್ಲಿರುವ ರೆಸಿಡೆಂಟ್ ಇರಬಹುದು. ಅವರ ಕೌಶಲದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಲೆಕ್ಕದಲ್ಲಿ ಇದು ದುಡ್ಡಿನ ಪ್ರಶ್ನೆ. ಪಿಎ ಅಥವಾ ಎನ್‌ಪಿ ಹೆಸರಲ್ಲಿ ಹೋದ ಬಿಲ್ಲಿಗೆ ವೈದ್ಯರ ದರದ ಶೇ. 85 ಮಾತ್ರ ಸಿಗುತ್ತದೆ, ಡಾಕ್ಟರ ಹೆಸರಲ್ಲಿ ಹೋದರೆ ಪೂರ್ತಿ. ಇಬ್ಬರೂ ನೋಡಿದ್ದರೆ ಅರ್ಧಕ್ಕಿಂತ ಹೆಚ್ಚು ಸಮಯ ಕೊಟ್ಟವರು, ಇಲ್ಲವೇ ಚಿಕಿತ್ಸೆಯ ನಿರ್ಣಯದ ಮುಖ್ಯ ಭಾಗ ಮಾಡಿದವರು ಬಿಲ್ ಮಾಡಬೇಕು ಎಂಬುದು 2024ರಿಂದ ಜಾರಿಯಲ್ಲಿರುವ ನಿಯಮ. ಹಾಗೆ ಹಂಚಿಕೊಂಡ ಭೇಟಿಗೆ ಕ್ಲೇಮಿನಲ್ಲಿ ಪ್ರತ್ಯೇಕ ಗುರುತು ಹಾಕಬೇಕು. ಆ ಗುರುತು ಮೆಡಿಕೇರಿಗೆ ಕಾಣುತ್ತದೆ, ಬಾಕಿ ಶೇ. 20 ತೆರುವ ನಮ್ಮ ಅಪ್ಪನಿಗೆ ಕಾಣುವುದಿಲ್ಲ. ಬಾಗಿಲಲ್ಲಿ ನಿಂತು ಒಂದು ಮಾತಾಡಿಸಿ ಹೋದ ಡಾಕ್ಟರ ಹೆಸರಲ್ಲಿ ಪೂರ್ತಿ ದರದ ಬಿಲ್ ಬಂದಾಗ, ಒಳಗೆ ಕೂತು ಇಸಿಜಿ ನೋಡಿ ಔಷಧ ಬರೆದವರು ಬೇರೊಬ್ಬರೆಂದು ರೋಗಿಗೆ ಗೊತ್ತಿದ್ದರೂ ಕೇಳುವ ದಾರಿ ಇಲ್ಲ. ಆದ್ದರಿಂದ ಬಿಲ್ಲಿನಲ್ಲಿ ನೋಡಿದ ಪ್ರತಿಯೊಬ್ಬರ ಹೆಸರು, ಲೈಸೆನ್ಸ್ ಬಗೆ, ರಾಷ್ಟ್ರೀಯ ಗುರುತಾದ 10 ಅಂಕಿಯ ಎನ್‌ಪಿಐ ಸಂಖ್ಯೆ ಮತ್ತು ಹಂಚಿಕೆಯ ಗುರುತು ಸರಳ ಮಾತಿನಲ್ಲಿ ಇರಲಿ.

2. ತುರ್ತು ವೈದ್ಯರ ವಿಶೇಷ ಅರ್ಹತೆಯನ್ನು ಬಿಡುಗಡೆ ಪತ್ರದಲ್ಲೇ ಬರೆಯಬೇಕು.

ಇಲ್ಲಿನ ಆರೋಗ್ಯ ಸಿಬ್ಬಂದಿ ಹೆಸರು ಮತ್ತು ಲೈಸೆನ್ಸನ್ನು ಕನಿಷ್ಠ 18 ಪಾಯಿಂಟ್ ಅಕ್ಷರದಲ್ಲಿ ಎದೆಯ ಮೇಲಿನ ಪಟ್ಟಿಯಲ್ಲಿ ಧರಿಸಬೇಕೆಂದು ಕ್ಯಾಲಿಫೋರ್ನಿಯಾ ಕಾನೂನೇ ಹೇಳುತ್ತದೆ. ಒಳ್ಳೆಯದು. ಆದರೆ ರಾಜ್ಯದ ಲೈಸೆನ್ಸ್ ವೈದ್ಯ ಎಂದಷ್ಟೇ ಹೇಳುತ್ತದೆ, ಯಾವ ವಿಷಯದಲ್ಲಿ ಪಳಗಿದವರು ಎಂದು ಹೇಳುವುದಿಲ್ಲ. ತುರ್ತು ವೈದ್ಯಕೀಯವು ಅಮೆರಿಕದಲ್ಲಿ 1979ರಲ್ಲಿ 23ನೆಯ ವಿಶೇಷ ವಿಭಾಗವಾಗಿ ಮಾನ್ಯತೆ ಪಡೆಯಿತು. ಅದರ ಪರೀಕ್ಷೆ ನಡೆಸುವ ಅಮೆರಿಕನ್ ಬೋರ್ಡ್ ಆಫ್ ಎಮರ್ಜೆನ್ಸಿ ಮೆಡಿಸಿನ್ ಹುಟ್ಟಿದ್ದು 1976ರಲ್ಲಿ. ಭಾರತದಲ್ಲಿ ಇದೇ ವಿಷಯಕ್ಕೆ ಎಂಡಿ ಮಾನ್ಯತೆ ಸಿಕ್ಕಿದ್ದು 2009ರಲ್ಲಿ, ಹಾಗಾಗಿ ಊರಿನಿಂದ ಬಂದ ನಮ್ಮ ಹಿರಿಯರಿಗೆ ಇಂಥದೊಂದು ವಿಭಾಗ ಇದೆ ಎಂಬುದೇ ಹೊಸದು. ಈ ಬೋರ್ಡಿನ ಪ್ರಮಾಣಪತ್ರ ಇರುವವರು ನೋಡಿದರೋ, ಬೇರೆ ವಿಷಯದಲ್ಲಿ ತರಬೇತಾದವರು ಅಂದಿನ ಪಾಳಿ ಮಾಡುತ್ತಿದ್ದರೋ ಎಂಬುದು ಮುಂದೆ ಮನೆಯ ವೈದ್ಯರಿಗೂ ಬೇಕಾದ ಮಾಹಿತಿ. ಒಂದು ಸಾಲು ಸಾಕು.

3. ತಮ್ಮ ಹೆಸರಲ್ಲಿ ಹೋಗುವ ಬಿಲ್ಲನ್ನು ನೋಡುವ ಹಕ್ಕು ವೈದ್ಯರಿಗೆ ವಾಸ್ತವದಲ್ಲಿ ಸಿಗಬೇಕು.

ಈ ಬೇಡಿಕೆಯನ್ನು ನಾವು ವೈದ್ಯರ ಪರವಾಗಿ ಇಡುತ್ತಿದ್ದೇವೆ, ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಗುಂಪಿಗೆ ಸೇರುವಾಗ ತುರ್ತು ವೈದ್ಯರು ಮೆಡಿಕೇರ್ ಹಣ ಪಡೆಯುವ ತಮ್ಮ ಹಕ್ಕನ್ನು ಗುಂಪಿಗೆ ವರ್ಗಾಯಿಸಿ ಸಹಿ ಹಾಕುತ್ತಾರೆ. ಆಮೇಲೆ ಅವರ ಎನ್‌ಪಿಐ ಸಂಖ್ಯೆಯಲ್ಲಿ ಯಾವ ಮಟ್ಟದ ಬಿಲ್ ಹೋಯಿತು, ಎಷ್ಟು ಹಣ ಬಂತು ಎಂಬುದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮೆಡಿಕೇರ್ ನಿಯಮ ಸ್ಪಷ್ಟವಾಗಿದೆ: ಹೀಗೆ ವರ್ಗಾಯಿಸಿದ ವೈದ್ಯರಿಗೆ ತಮ್ಮ ಹೆಸರಿನ ಕ್ಲೇಮುಗಳನ್ನು ಯಾವ ತಡೆಯೂ ಇಲ್ಲದೆ ನೋಡುವ ಹಕ್ಕಿದೆ. ಹೆಚ್ಚು ಹಣ ಪಡೆದದ್ದು ಸಿಕ್ಕಿಬಿದ್ದರೆ ಗುಂಪಿನ ಜೊತೆ ಆ ವೈದ್ಯರೂ ಹೊಣೆ. ಹೊಣೆ ಹೊರುವವರಿಗೆ ಲೆಕ್ಕ ತೋರಿಸದಿರುವುದು ಅನ್ಯಾಯ.

ತುರ್ತು ಭೇಟಿಗೆ 99281ರಿಂದ 99285ರವರೆಗೆ ಐದು ಮಟ್ಟದ ಸಂಕೇತಗಳಿವೆ. ವೈದ್ಯರ ಮಟ್ಟವನ್ನು ಅವರ ನಿರ್ಣಯ ಎಷ್ಟು ಕ್ಲಿಷ್ಟವಾಗಿತ್ತು ಎಂಬುದರ ಮೇಲೆ ಎಣಿಸುತ್ತಾರೆ. ಆಸ್ಪತ್ರೆಯ ಬಿಲ್ಲಿಗೂ ಇವೇ ಸಂಕೇತಗಳು, ಆದರೆ ಅದಕ್ಕೆ ದೇಶವ್ಯಾಪಿ ಅಳತೆಗೋಲಿಲ್ಲ, ಪ್ರತಿ ಆಸ್ಪತ್ರೆಯೂ ತನ್ನದೇ ನಿಯಮ ಮಾಡಿಕೊಳ್ಳುತ್ತದೆ. ಆ ನಿಯಮವನ್ನು ಆಸ್ಪತ್ರೆಗಳು ಬಹಿರಂಗಪಡಿಸಬೇಕು. ಪ್ರೈವೇಟ್ ಇಕ್ವಿಟಿ ಮತ್ತು ಹೆಡ್ಜ್ ಫಂಡುಗಳು ಕೋಡಿಂಗ್ ಮತ್ತು ಬಿಲ್ಲಿಂಗ್ ತೀರ್ಮಾನಗಳಲ್ಲಿ ಕೈಹಾಕದಂತೆ ತಡೆಯುವ ಎಸ್‌ಬಿ 351 ಕಾನೂನಿಗೆ 2025ರ ಅಕ್ಟೋಬರಿನಲ್ಲಿ ರಾಜ್ಯಪಾಲರ ಸಹಿ ಬಿದ್ದಿದೆ. ಕಾನೂನು ಕಾಗದದಲ್ಲಿ ಉಳಿಯದಂತೆ, ಕೌಂಟಿಯ ಪ್ರತಿ ತುರ್ತು ವಿಭಾಗದ ವೈದ್ಯರ ಗುಂಪಿನ ಮಾಲೀಕರು ಯಾರು, ಬಿಲ್ಲಿಂಗ್ ಯಾರ ಕೈಯಲ್ಲಿದೆ ಎಂಬ ಪಟ್ಟಿಯನ್ನು ಕೌಂಟಿ ಪ್ರಕಟಿಸಬೇಕು.

4. ಮಲಗಿಸಿಕೊಂಡಿದ್ದು ದಾಖಲಾತಿಯೋ ನಿಗಾವಣೆಯೋ ಎಂದು ಅಂದೇ ಹೇಳಬೇಕು.

ಮೆಡಿಕೇರ್ ಇರುವ ಹಿರಿಯರು ಅತಿ ಹೆಚ್ಚು ಪೆಟ್ಟು ತಿನ್ನುವುದು ಇಲ್ಲಿ. ತುರ್ತು ವಿಭಾಗದಿಂದ ಮೇಲಿನ ಮಹಡಿಗೆ ಒಯ್ದು ಹಾಸಿಗೆ ಕೊಟ್ಟು, ಕೈಗೆ ಪಟ್ಟಿ ಕಟ್ಟಿ, ಎರಡು ರಾತ್ರಿ ಇಟ್ಟುಕೊಂಡರೂ ಕಾಗದದಲ್ಲಿ ಅವರು ಹೊರರೋಗಿಯೇ ಆಗಿರಬಹುದು. ನಿಗಾವಣೆ ಎಂದು ಬರೆದಿದ್ದರೆ ಖರ್ಚು ಮೆಡಿಕೇರಿನ ಒಳರೋಗಿ ಭಾಗವಾದ ಪಾರ್ಟ್ ಎ ಬಿಟ್ಟು ಹೊರರೋಗಿ ಸೇವೆಯ ಪಾರ್ಟ್ ಬಿ ಲೆಕ್ಕಕ್ಕೆ ಹೋಗುತ್ತದೆ. ಮನೆಯಲ್ಲಿ ದಿನಾ ನುಂಗುವ ಬಿಪಿ ಮಾತ್ರೆಯನ್ನು ಅಲ್ಲಿ ಕೊಟ್ಟರೆ ಅದರ ದುಡ್ಡು ಬೇರೆಯಾಗಿ ರೋಗಿಯ ತಲೆಗೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು, ಸೊಂಟ ಮುರಿದು ಆರೈಕೆ ಕೇಂದ್ರಕ್ಕೆ ಹೋಗಬೇಕಾದಾಗ ಮೂಲ ಮೆಡಿಕೇರ್ ಕೇಳುವುದು ಸತತ ಮೂರು ದಿನದ ಒಳರೋಗಿ ದಾಖಲಾತಿ. ನಿಗಾವಣೆಯ ದಿನಗಳು ಅದರಲ್ಲಿ ಸೇರುವುದಿಲ್ಲ. ವಾರಗಟ್ಟಲೆ ಆರೈಕೆಯ ಖರ್ಚು ಆಗ ಮಕ್ಕಳ ಮೇಲೆ ಬೀಳುತ್ತದೆ.

ನಿಗಾವಣೆ 24 ಗಂಟೆ ಮೀರಿದರೆ ಲಿಖಿತ ನೋಟಿಸು ಕೊಟ್ಟು ಬಾಯಿಮಾತಿನಲ್ಲೂ ವಿವರಿಸಬೇಕೆಂಬ ನಿಯಮವಿದೆ. ಆ ಹಾಳೆಯನ್ನು ಬಿಡುಗಡೆಯ ಗಡಿಬಿಡಿಯಲ್ಲಿ ಇತರ ಕಾಗದಗಳ ನಡುವೆ ಇಟ್ಟು ಸಹಿ ಮಾಡಿಸಿಕೊಳ್ಳುವುದು ವಿವರಣೆ ಆಗುವುದಿಲ್ಲ. ನಮ್ಮ ಬೇಡಿಕೆ: ತೀರ್ಮಾನ ಮಾಡಿದ ವೈದ್ಯರ ಹೆಸರಿನೊಂದಿಗೆ, ಮೊದಲ ರಾತ್ರಿಯೇ, ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಒಳರೋಗಿಯೆಂದು ದಾಖಲಿಸಿ ಆಮೇಲೆ ನಿಗಾವಣೆಗೆ ಬದಲಿಸಿದರೆ ಕೆಲವು ಸಂದರ್ಭಗಳಲ್ಲಿ ಮೇಲ್ಮನವಿ ಸಲ್ಲಿಸುವ ಹಕ್ಕು 2025ರ ಫೆಬ್ರವರಿಯಿಂದ ಬಂದಿದೆ. ಅದನ್ನೂ ಅಲ್ಲೇ ತಿಳಿಸಬೇಕು.

5. ಮೆಡಿ-ಕ್ಯಾಲ್ ಇರುವವರ ಮನೆಗೆ ಬಿಲ್ ಬರಬಾರದು.

ಇದು ಈಗಾಗಲೇ ರಾಜ್ಯದ ಕಾನೂನು. ಕಾರ್ಡ್ ತೋರಿಸಿದ ರೋಗಿಯಿಂದ, ಕಡಿಮೆ ಆದಾಯದವರ ಸರ್ಕಾರಿ ವಿಮೆಯಾದ ಮೆಡಿ-ಕ್ಯಾಲ್ ಸೇವೆಯ ಹಣ ಕೇಳುವಂತಿಲ್ಲ. ನಮ್ಮ ಕೌಂಟಿಯಲ್ಲಿ 1987ರಿಂದ ಹೆಲ್ತ್ ಪ್ಲಾನ್ ಆಫ್ ಸ್ಯಾನ್ ಮಟೇಯೊ ಮೆಡಿ-ಕ್ಯಾಲ್ ವಿಮೆಯನ್ನು ನಡೆಸುತ್ತಿದೆ. ಆಸ್ಪತ್ರೆಗೆ ಕೊಟ್ಟ ಕಾರ್ಡಿನ ವಿವರ ವೈದ್ಯರ ಗುಂಪಿನ ಬಿಲ್ಲಿಂಗ್ ಕಚೇರಿಗೆ ತಲುಪದೆ ಹೋದರೆ ಅದು ಅವರಿಬ್ಬರ ನಡುವಿನ ಸಮಸ್ಯೆ. ಅದಕ್ಕೆ ರೋಗಿಯ ಹೆಸರು ವಸೂಲಿ ಏಜೆನ್ಸಿಗೆ ಹೋಗಬಾರದು.

6. ಊರಿನಿಂದ ಬಂದ ತಂದೆತಾಯಿಗೆ ಸಾರ್ವಜನಿಕ ವಿಮೆಯ ದರವೇ ಗರಿಷ್ಠ ಮಿತಿಯಾಗಬೇಕು.

ಬೇಸಿಗೆಯ ಸಂಜೆ ಲಿಯೊ ರಯಾನ್ ಪಾರ್ಕಿನ ಲಗೂನ್ ದಂಡೆಯಲ್ಲಿ ನಡೆದರೆ ಸ್ವೆಟರ್ ಹಾಕಿ, ಮೊಮ್ಮಗುವಿನ ತಳ್ಳುಗಾಡಿ ಹಿಡಿದು, ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದ ಕನ್ನಡ ಮಾತಾಡುತ್ತ ಬರುವ ಅಜ್ಜ ಅಜ್ಜಿಯರು ಕಾಣುತ್ತಾರೆ. ಬಾಣಂತನಕ್ಕೆ ಬಂದವರು, ಆರು ತಿಂಗಳ ವಿಸಿಟರ್ ವೀಸಾದವರು. ಇವರಿಗೆ ಮೆಡಿಕೇರ್ ಇಲ್ಲ, ಮೆಡಿ-ಕ್ಯಾಲ್ ಇಲ್ಲ. ಇರುವುದು ನಾವು ಕೊಂಡುಕೊಟ್ಟ ಟ್ರಾವೆಲ್ ಪಾಲಿಸಿ. ಹಳೆಯ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಸಂಬಂಧಿಸಿದ್ದು ಎಂದು ಕಂಡರೆ ಆ ಪಾಲಿಸಿ ಹಿಂದೆ ಸರಿಯುತ್ತದೆ. 2022ರ ಜನವರಿಯಿಂದ ಜಾರಿಗೆ ಬಂದ ನೋ ಸರ್ಪ್ರೈಸಸ್ ಆಕ್ಟ್ ತುರ್ತು ವೈದ್ಯರ ಅನಿರೀಕ್ಷಿತ ಬಿಲ್ಲಿನಿಂದ ಸಾಮಾನ್ಯ ವಿಮೆದಾರರನ್ನು ಕಾಪಾಡುತ್ತದೆ, ಈ ಟ್ರಾವೆಲ್ ಪಾಲಿಸಿಗಳಿಗೆ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಇಲ್ಲೇ ಉಳಿದ ಹಿರಿಯರೂ, ತಾವಾಗಲಿ ಗಂಡ ಅಥವಾ ಹೆಂಡತಿಯಾಗಲಿ ಇಲ್ಲಿ ಸಾಕಷ್ಟು ವರ್ಷ ದುಡಿಯದಿದ್ದರೆ, 65 ದಾಟಿದ ಮೇಲೂ ಸತತ 5 ವರ್ಷ ವಾಸ ತುಂಬುವವರೆಗೆ ಮೆಡಿಕೇರ್ ಕೊಳ್ಳುವಂತಿಲ್ಲ.

ಹೀಗಾಗಿ ಅತಿ ಕಡಿಮೆ ರಕ್ಷಣೆ ಇರುವವರ ಮುಂದೆ ಅತಿ ಹೆಚ್ಚಿನ ದರ ಬರುತ್ತದೆ. ಒಂದೇ ಪರೀಕ್ಷೆಗೆ ಮೆಡಿಕೇರ್ ಒಪ್ಪುವ ದರ ಒಂದು, ಆಸ್ಪತ್ರೆಯ ಪಟ್ಟಿ ದರ ಅದರ ಎಷ್ಟೋ ಪಟ್ಟು. ನಾವು ಪುಕ್ಕಟೆ ಕೇಳುತ್ತಿಲ್ಲ. ಮೆಡಿಕೇರ್ ಯಾವ ದರವನ್ನು ನ್ಯಾಯವೆಂದು ಒಪ್ಪಿದೆಯೋ ಅದನ್ನು ಕಟ್ಟಲು ಸಿದ್ಧರಿದ್ದೇವೆ, ಅದಕ್ಕಿಂತ ಹೆಚ್ಚು ಕೇಳಬಾರದೆಂದು ರಾಜ್ಯ ಕಾನೂನು ಮಾಡಬೇಕು. ಇದು ಆಗದ ಮಾತಲ್ಲ. ಆಂಬುಲೆನ್ಸ್ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಇದನ್ನೇ ಮಾಡಿದೆ: 2024ರಿಂದ ವಿಮೆ ಇಲ್ಲದವರಿಂದ ಮೆಡಿಕೇರ್ ಅಥವಾ ಮೆಡಿ-ಕ್ಯಾಲ್ ದರಗಳಲ್ಲಿ ಹೆಚ್ಚಿನದು ಯಾವುದೋ ಅದನ್ನು ಮೀರಿ ವಸೂಲು ಮಾಡುವಂತಿಲ್ಲ. ಗಾಡಿಗೆ ಇರುವ ನ್ಯಾಯ ಗಾಡಿ ಇಳಿದ ಮೇಲೂ ಇರಲಿ.

7. ಕಂಪನಿಗಳ ಸ್ವಂತ ವಿಮೆಯವರಿಗೂ ಆಂಬುಲೆನ್ಸ್ ರಕ್ಷಣೆ ಸಿಗಬೇಕು.

ಗಿಲಿಯಡ್, ವೀಸಾ ಕಂಪನಿಗಳ ಕಚೇರಿಗಳಿರುವ ಊರು ನಮ್ಮದು, ಬಹಳ ಜನ ಸುತ್ತಲಿನ ದೊಡ್ಡ ಕಂಪನಿಗಳ ಕೆಲಸದವರು. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ತಾವೇ ಹಣ ಹಾಕಿ ವಿಮೆ ನಡೆಸುತ್ತವೆ, ಅಂಥವು ಒಕ್ಕೂಟ ಕಾನೂನಿನ ಕೆಳಗೆ ಬರುವುದರಿಂದ ಆಂಬುಲೆನ್ಸ್ ಬಿಲ್ಲಿನ ವಿಷಯದಲ್ಲಿ ರಾಜ್ಯ ವಿಮೆದಾರರಿಗೆ ಕೊಡುವ ರಕ್ಷಣೆ ಅವಕ್ಕೆ ಮುಟ್ಟುವುದಿಲ್ಲ. ನೋ ಸರ್ಪ್ರೈಸಸ್ ಆಕ್ಟ್ ರಸ್ತೆಯ ಆಂಬುಲೆನ್ಸನ್ನು ಹೊರಗಿಟ್ಟಿದೆ. ನಮ್ಮ ಪ್ರತಿನಿಧಿಗಳು ಈ ತೂತನ್ನು ವಾಷಿಂಗ್ಟನ್ನಿನಲ್ಲಿ ಮುಚ್ಚಿಸಬೇಕು.

8. ಕನ್ನಡ ದುಭಾಷಿಯನ್ನು ಫೋನಿನಲ್ಲಾದರೂ ಒದಗಿಸಬೇಕು.

ಆಸ್ಪತ್ರೆ ನೋಟಿಸುಗಳ ಕೆಳಗಿನ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಪಂಜಾಬಿ ಕಾಣುತ್ತವೆ, ಕನ್ನಡ ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೂ ದುಭಾಷಿ ಕೇಳುವ ಹಕ್ಕು ಒಕ್ಕೂಟ ಕಾನೂನಿನಲ್ಲಿದೆ, ಉಚಿತವಾಗಿ. ಇದು ಗೊತ್ತಿಲ್ಲದೆ ಮಗಳೋ, ಶಾಲೆಗೆ ಹೋಗುವ ಮೊಮ್ಮಗನೋ ಹಾಸಿಗೆಯ ಪಕ್ಕ ನಿಂತು ಅಜ್ಜಿಯ ಮೂತ್ರದ ತೊಂದರೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅಜ್ಜಿ ಅರ್ಧ ನುಂಗುತ್ತಾರೆ. ಕೈಚೀಲದಿಂದ ಮಾತ್ರೆಯ ಹಾಳೆಗಳು ಹೊರಬರುತ್ತವೆ, ಟೆಲ್ಮಾ, ಗ್ಲೈಕೋಮೆಟ್, ಇಕೋಸ್ಪ್ರಿನ್. ಇಲ್ಲಿನವರಿಗೆ ಆ ಹೆಸರುಗಳು ಗೊತ್ತಿಲ್ಲ. ಯಾವುದನ್ನು ಯಾವಾಗ, ಎಷ್ಟು ನುಂಗುತ್ತಾರೆ ಎಂದು ಅಜ್ಜಿಯನ್ನೇ ಅವರ ಮಾತಿನಲ್ಲಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

9. ರಿಯಾಯಿತಿಯ ಅರ್ಜಿ ಎರಡೂ ಬಿಲ್ಲಿಗೆ ಒಂದೇ ಆಗಬೇಕು.

ಒಕ್ಕೂಟ ಬಡತನ ರೇಖೆಯ ಶೇ. 400ರವರೆಗಿನ ಆದಾಯದವರಿಗೆ ಆಸ್ಪತ್ರೆಗಳು ರಿಯಾಯಿತಿ ಕೊಡಬೇಕು. ತುರ್ತು ವೈದ್ಯರಿಗೂ ಇಂಥ ಕಟ್ಟಳೆ 2011ರಿಂದ ಇದೆ, ಆದರೆ ಅರ್ಜಿ ಪ್ರತ್ಯೇಕ. ಆಸ್ಪತ್ರೆಯಲ್ಲಿ ಮಂಜೂರಾದರೆ ವೈದ್ಯರ ಗುಂಪಿನಲ್ಲೂ ತಾನಾಗಿ ಮಂಜೂರಾಗಲಿ. ಈ ಹಕ್ಕುಗಳು ರೋಗಿಗಳಿಗೆ ತಿಳಿಯಲೂ ಬೇಕು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರೋಗಿಗಳ ಹಕ್ಕುಪತ್ರವನ್ನು ಕಾಯ್ದೆಯೊಳಗೇ ಸೇರಿಸಿದರು. ವೈದ್ಯರ ಮುಷ್ಕರವನ್ನು ಎದುರಿಸಿ ಬಂದ ಕಾಯ್ದೆ ಅದು, ಜಾರಿಯಲ್ಲಿ ಇನ್ನೂ ಕೊರತೆಗಳಿವೆ. ಆದರೂ ಕಾಯುವ ಕೋಣೆಯ ಗೋಡೆಯ ಮೇಲೆ ಹಕ್ಕುಗಳನ್ನು ಓದಲು ಸಿಗುವಂತೆ ಮಾಡುವುದು ಇಲ್ಲಿಯೂ ಸಾಧ್ಯ.

10. ನಮ್ಮವರಿಗೆ ನಮ್ಮದೊಂದು ಒತ್ತಾಯ.

ಬಿಲ್ ಬಂದ ಕೂಡಲೇ ಹೆದರಿ ಕ್ರೆಡಿಟ್ ಕಾರ್ಡ್ ಎಳೆಯಬೇಡಿ. ಸಾಲುಸಾಲಾಗಿ ವಿವರವಿರುವ ಬಿಲ್ ಕೇಳಿ. ಡಾಕ್ಟರ ಲೈಸೆನ್ಸನ್ನು ಕ್ಯಾಲಿಫೋರ್ನಿಯಾ ಮೆಡಿಕಲ್ ಬೋರ್ಡಿನ ಪಟ್ಟಿಯಲ್ಲಿ ನೋಡಿ. ಮೆಡಿಕೇರಿನಿಂದ ಹೊರಗೆ ಬಂದ ವೈದ್ಯರೂ ತುರ್ತು ಸ್ಥಿತಿಯಲ್ಲಿರುವ ಮೆಡಿಕೇರ್ ರೋಗಿಯಿಂದ ಖಾಸಗಿ ಕರಾರಿಗೆ ಸಹಿ ಮಾಡಿಸಿಕೊಳ್ಳುವಂತಿಲ್ಲ ಎಂಬುದು ನೆನಪಿರಲಿ. ನಮ್ಮ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವದ ದಿನ ಊಟದ ಪಂಕ್ತಿಯ ಪಕ್ಕ ಒಂದು ಮೇಜು ಹಾಕಿ, ಬಿಲ್ಲಿಂಗ್ ಬಲ್ಲ ನಮ್ಮವರನ್ನೇ ಕೂರಿಸಿ, ಹಿರಿಯರ ಕಾಗದಗಳನ್ನು ಓದಿಸಲಿ.

11. ಉತ್ತರ.

1, 4 ಮತ್ತು 8ನೆಯ ಬೇಡಿಕೆಗಳಿಗೆ ಹೊಸ ಕಾನೂನು ಬೇಕಿಲ್ಲ, ಆಸ್ಪತ್ರೆಗಳೂ ವೈದ್ಯರ ಗುಂಪುಗಳೂ ಮನಸ್ಸು ಮಾಡಿದರೆ ಸಾಕು. ಇವಕ್ಕೆ 60 ದಿನದೊಳಗೆ ಲಿಖಿತ ಉತ್ತರ ಬೇಕು. 3, 6 ಮತ್ತು 7ಕ್ಕೆ ಸಂಬಂಧಿಸಿ ಫಾಸ್ಟರ್ ಸಿಟಿಯಲ್ಲಿ ಬಹಿರಂಗ ಸಭೆ ಕರೆಯಬೇಕು, ಕೆಲಸದವರು ಬರಲು ಆಗುವಂತೆ ಸಂಜೆ ಹೊತ್ತಿನಲ್ಲಿ. ಹೆಸರು ಮುಚ್ಚಿದ ಬಿಲ್ಲುಗಳ ಪ್ರತಿಗಳನ್ನು ನಾವು ಆ ಸಭೆಗೆ ತರುತ್ತೇವೆ.

ಫಾಸ್ಟರ್ ಸಿಟಿಯ ಕನ್ನಡ ಕುಟುಂಬಗಳ ಪರವಾಗಿ